ಕಾವೂರಿನ ಸೆನೆಟರ್

"ನುಡಿನಮನಕ್ಕೆ ನೀವು ಎರಡು ಮಾತು ಆಡ್ಬೇಕು," ಎಂದು ಫೋನ್ ಮಾಡಿದವರು ನಮ್ಮ ಸರ್ ಅವರ ಭಾವ, ಅಂದರೆ ಹೆಂಡತಿಯ ಅಣ್ಣ. ಪಂಪ್‌ವೆಲ್‌ನಲ್ಲಿ ಹೋಟೆಲ್ ಇಟ್ಟಿರುವ, ಗಟ್ಟಿ ಧ್ವನಿಯ ಮನುಷ್ಯ. "ಅಜಾತಶತ್ರು, ಸರಳ ಜೀವಿ, ತುಂಬಲಾರದ ನಷ್ಟ ಅಂತ ಹೇಳಿ ಮುಗಿಸಿ. ಮತ್ತೆ ನೋಡಿ, ತಮಾಷೆ ಬೇಡ ಆಯ್ತಾ. ತಂಗಿ ಎದುರಿಗೇ ಕೂತಿರ್ತಾಳೆ. ನಿಮ್ಮ ಸರ್‌ನ ಬುದ್ಧಿ ನಿಮಗೂ ಸ್ವಲ್ಪ ಉಂಟು ಅಂತ ನಂಗೆ ಗೊತ್ತುಂಟು."

"ಆಯ್ತು," ಎಂದೆ.

ಫೋನ್ ಇಟ್ಟೆ. ಇದೇ "ಆಯ್ತು" ಎಂಬ ಮಾತನ್ನು ನಾನು ಸರ್‌ಗೂ ಕೊಟ್ಟಿದ್ದೆ. ಅವರು ಕೇಳಿದ್ದು ಇಷ್ಟೆ: ತಮ್ಮ ಬೊಜ್ಜದ ದಿನ, ಎಂದರೆ ಉತ್ತರಕ್ರಿಯೆಯ ದಿನ, ನಾನು ಮೈಕಿನ ಮುಂದೆ ನಿಂತು ಅವರನ್ನು ಹೊಗಳಬಾರದು, ಅಣಕಿಸಬೇಕು. ನಡಿಗೆ, ಮಾತು, ಕೆಮ್ಮು ಎಲ್ಲ ಸೇರಿಸಿ. ಸತ್ತವರು ಬಂದು ಕೇಳುವುದಿಲ್ಲ ಎಂಬ ಧೈರ್ಯವನ್ನು ಬೇರೆ ಯಾರ ವಿಷಯದಲ್ಲಾದರೂ ಇಟ್ಟುಕೊಳ್ಳಬಹುದಿತ್ತು. ಇವರ ವಿಷಯದಲ್ಲಿ ನನಗೆ ಅಷ್ಟು ಖಾತ್ರಿ ಇರಲಿಲ್ಲ.

ಸರ್ ನಮಗೆ ಕಾಲೇಜಿನಲ್ಲಿ ಇತಿಹಾಸ ಕಲಿಸಿದವರು. ಪಠ್ಯದಲ್ಲಿ ರೋಮ್ ಇದ್ದದ್ದು ಒಂದು ಸಣ್ಣ ಅಧ್ಯಾಯ. ಮಳೆಗಾಲದಲ್ಲಿ ಅದರೊಳಗೆ ಹೊಕ್ಕರೆ ಅವರು ಪರೀಕ್ಷೆ ಹತ್ತಿರ ಬರುವ ತನಕ ಹೊರಗೆ ಬರುತ್ತಿರಲಿಲ್ಲ. ಉಳಿದ ಲೋಕದ ಇತಿಹಾಸವನ್ನು ನಾವೇ ಓದಿಕೊಂಡು ಪಾಸಾದೆವು. ಅವರಿಗೆ 'ಸೆನೆಟರ್' ಎಂದು ಹೆಸರಿಟ್ಟದ್ದು ನಮಗಿಂತ ಹಿಂದಿನವರು. ಬಿಳಿ ಅಂಗಿ, ಬಿಳಿ ಪಂಚೆ, ಮೊಣಕೈಗೆ ತೂಗುಹಾಕಿದ ಕೊಡೆ. ಮಾತು ಶುರು ಮಾಡುವ ಮೊದಲು ಕನ್ನಡಕ ತೆಗೆದು ಅಂಗಿಯ ಅಂಚಿನಲ್ಲಿ ಒರೆಸುವುದು, ತಿರುಗುವ ಫ್ಯಾನನ್ನು ನೋಡುವುದು, "ಅಂದರೆ" ಎಂದು ಹೇಳಿ ಹೊರಗೆ ರಸ್ತೆಯಲ್ಲಿ ಒಂದು ಬಸ್ಸು ದಾಟಿ ಹೋಗುವಷ್ಟು ಹೊತ್ತು ನಿಲ್ಲಿಸುವುದು. ಆಮೇಲೆ ಭುಜ. ಜಾರುತ್ತಿರುವ ಶಾಲನ್ನು ಮೇಲೆತ್ತಿಕೊಂಡ ಹಾಗೆ ಒಂದು ಭುಜವನ್ನು ಚಕ್ಕನೆ ಕೊಡವುತ್ತಿದ್ದರು. ಶಾಲು ಇರುತ್ತಿರಲಿಲ್ಲ. ಅದು ಟೋಗ, ರೋಮಿನ ದೊಡ್ಡ ಮನುಷ್ಯರು ಮೈಗೆ ಸುತ್ತಿಕೊಳ್ಳುತ್ತಿದ್ದ ಬಿಳಿ ಬಟ್ಟೆ, ನಮ್ಮ ಕಣ್ಣಿಗೆ ಕಾಣುವುದಿಲ್ಲ ಅಷ್ಟೆ ಎಂದು ಇಡೀ ಕಾಲೇಜು ನಂಬಿತ್ತು.

ಯಾವ ವಿಷಯಕ್ಕೂ ಅವರಲ್ಲಿ ಒಂದು ರೋಮ್ ಇತ್ತು. "ರೋಮಿನವ ಒಬ್ಬ ಹೇಳಿದ್ದಾನೆ" ಎಂದು ತೊಡಗುವರು.

"ಯಾರು ಸರ್?"

"ಸತ್ತವ. ಹೆಸರು ಬರ್ಕೊಂಡು ಎಂತ ಮಾಡ್ತಿ? ಕಾಗದ ಹಾಕ್ತಿಯಾ?"

ಹೀಗೆ ಹೇಳಿದ ಮಾತುಗಳಲ್ಲಿ ಒಂದು ನನ್ನ ಮನಸ್ಸಿನಲ್ಲಿ ಬಹಳ ಕಾಲ ಇತ್ತು: ಉಂಡವನ ಕೈ ಒಣಗುವ ಮೊದಲೇ ಉಪಕಾರದ ನೆನಪು ಒಣಗುತ್ತದೆ. ಎಷ್ಟೋ ಸಭೆಗಳಲ್ಲಿ ಇದನ್ನು ರೋಮಿನ ಹೆಸರಿನಲ್ಲಿಯೇ ಬಳಸಿ ಚಪ್ಪಾಳೆ ಗಿಟ್ಟಿಸಿದ್ದೇನೆ. ಮದುವೆಯಾಗಿ ನಾನು ಕಾವೂರಿನಲ್ಲಿ ಅವರ ಬೀದಿಯಲ್ಲೇ ಮನೆ ಮಾಡಿದ ಮೇಲೆ ಒಂದು ಸಂಜೆ ಅವರ ಹೆಂಡತಿಯ ಮುಂದೆ ಅದನ್ನು ಹೇಳಿದೆ. ನಾವು ಅಮ್ಮ ಎಂದೇ ಕರೆಯುವ ಅವರು ಬಸಳೆ ಸೋಸುತ್ತಿದ್ದಲ್ಲಿಂದ ತಲೆಯೆತ್ತಿದರು.

"ಇದು ರೋಮಿನದ್ದಾ? ಇದು ನನ್ನ ಅತ್ತೆ ಹೇಳ್ತಿದ್ದದ್ದು. ನನಗೇ ಹೇಳ್ತಿದ್ದದ್ದು."

ಸರ್ ಒಳಗಿನಿಂದ, "ಅತ್ತೆಯಂದಿರು ರೋಮಿನಲ್ಲಿ ಇರಲಿಲ್ವಾ ಮಾರಾಯ್ತಿ?" ಎಂದರು.

ಅಂದಿನಿಂದ ಅವರು ಹೇಳಿದ ರೋಮಿನಲ್ಲಿ ಎಷ್ಟು ಪಾಲು ಇಟಲಿ, ಎಷ್ಟು ಪಾಲು ಅವರ ತಾಯಿಯ ಗುತ್ತಿನ ಮನೆ, ಅಂದರೆ ಹಿರಿಯರ ದೊಡ್ಡಮನೆ, ಎಂದು ನಾನು ಲೆಕ್ಕ ಹಾಕುವುದನ್ನು ಬಿಟ್ಟಿದ್ದೇನೆ.

ಅಣಕಿಸುವ ಕಲೆ ನನಗೆ ಹುಟ್ಟಿನಿಂದ ಬಂದದ್ದು. ಅದನ್ನು ತಿದ್ದಿದವರು ಅವರೇ. ಒಮ್ಮೆ ಅವರು ತರಗತಿಗೆ ಬರುವ ಮೊದಲು ನಾನು ವೇದಿಕೆ ಹತ್ತಿ ಕನ್ನಡಕ ಒರೆಸಿ, ಫ್ಯಾನು ನೋಡಿ, "ಅಂದರೆ" ಎಂದು ತೊಡಗಿದ್ದೆ. ಗೆಳತಿಯರ ನಗು ಒಮ್ಮೆಗೇ ನಿಂತಿತು. ತಿರುಗಿದರೆ ಬಾಗಿಲಲ್ಲಿ ಸರ್. "ಮುಂದುವರಿಸು," ಎಂದರು. ನಾನು ವೇದಿಕೆಯಿಂದ ಇಳಿಯಹೊರಟೆ. "'ಅಂದರೆ' ಹೇಳಿದ ಮೇಲೆ ನಿಲ್ಲಬೇಕು. ನೀನು ಓಡ್ತಿ. ಅವಸರ ಇದ್ದವರ ಮಾತು ಯಾರೂ ನಂಬುವುದಿಲ್ಲ," ಎಂದು ಹಿಂದಿನ ಬೆಂಚಿನಲ್ಲಿ ಹೋಗಿ ಕೂತು, ಮೊದಲಿನಿಂದ ಮಾಡಿಸಿದರು.

ಇದು ನನ್ನ ನೆನಪು. ಇಷ್ಟು ಚಂದವಾಗಿರುವ ನೆನಪುಗಳ ಮೇಲೆ ನನಗೆ ಸಂಶಯ. ಆಗಲೂ ನಾನು ಡೈರಿ ಬರೆಯುತ್ತಿದ್ದೆ. ಹಳೆಯದನ್ನು ಹುಡುಕಿ ನೋಡಿದರೆ ಆ ವಾರದಲ್ಲಿ ಸರ್ ಇಲ್ಲವೇ ಇಲ್ಲ. "ಬಂಗುಡೆ ಚೆನ್ನಾಗಿತ್ತು. ಕೊಡೆ ಕಳೆಯಿತು," ಎಂದು ಮಾತ್ರ ಇದೆ. ಅದೇ ತರಗತಿಯಲ್ಲಿದ್ದ ಗೆಳತಿಗೆ ಫೋನ್ ಮಾಡಿ ಕೇಳಿದೆ. "ಎಂತ ಮಾಡಿಸಿದ್ದು? ನಿನ್ನನ್ನು ಹೊರಗೆ ಹಾಕಿದ್ರು ಮಾರಾಯ್ತಿ. ನೀನು ಅತ್ತಿದ್ದಿ," ಎಂದಳು. ನನಗೆ ಅತ್ತ ನೆನಪಿಲ್ಲ. ಅವಳಿಗೆ ಬೆಂಚಿನ ನೆನಪಿಲ್ಲ. ಇಬ್ಬರಲ್ಲಿ ಒಬ್ಬಳು ಸುಳ್ಳಿ, ಯಾರೆಂದು ಇಬ್ಬರಿಗೂ ಗೊತ್ತಿಲ್ಲ.

ಆದರೆ ಚುನಾವಣೆಯ ಪ್ರಸಂಗಕ್ಕೆ ನಾನೇ ಸಾಕ್ಷಿ. ನಮ್ಮ ವಾರ್ಡಿನ ಅಭ್ಯರ್ಥಿಯೊಬ್ಬರು ಗರಿಗರಿ ಬಿಳಿ ಬಟ್ಟೆ ತೊಟ್ಟು ಸರ್ ಮನೆಯ ಅಂಗಳಕ್ಕೆ ಬಂದರು. ಜೊತೆಗಿದ್ದವನು ಅವರ ಕಿವಿಯಲ್ಲಿ ಏನೋ ಉಸುರಿದ. ಕೂಡಲೇ ಅಭ್ಯರ್ಥಿ ಎರಡೂ ಕೈ ಚಾಚಿ, "ಓ ಸರ್! ನಿಮ್ಮನ್ನು ನೋಡದೆ ಎಷ್ಟು ಸಮಯ ಆಯ್ತು!" ಎಂದರು. ಅದಕ್ಕೆ ಮೊದಲು ಅವರು ಸರ್ ಅವರನ್ನು ನೋಡಿಯೇ ಇರಲಿಲ್ಲ.

ಸರ್ ಮುಖ ಅರಳಿತು. "ನಿಮಗೂ ಒಬ್ಬ ಇದ್ದಾನಾ!" ಎಂದರು.

"ಯಾರು ಸರ್?"

"ಹೆಸರು ಹೇಳಿಕೊಡುವವ. ರೋಮಿನಲ್ಲಿ ವೋಟಿಗೆ ನಿಂತವರ ಬದಿಯಲ್ಲಿ ಒಬ್ಬ ಆಳು ಇರ್ತಿದ್ದ. ಎದುರಿಗೆ ಬಂದವರ ಹೆಸರು ಕಿವಿಯಲ್ಲಿ ಹೇಳುವುದೇ ಅವನ ಕೆಲಸ. ನಿಮ್ಮ ಬಟ್ಟೆಯೂ ಹಾಗೇ ಉಂಟು. ಅವರು ಸೀಮೆಸುಣ್ಣ ತಿಕ್ಕಿ ಬಿಳಿ ಮಾಡ್ತಿದ್ದರು. ನೀವು ಎಂತ ಹಾಕಿದ್ದು?"

"ನೀಲಿ," ಎಂದರು ಅಭ್ಯರ್ಥಿ, ಸ್ವಲ್ಪ ಕುಗ್ಗಿ.

"ಒಳ್ಳೇದು. ಗೆದ್ದ ಮೇಲೆಯೂ ನೀಲಿ ಹಾಕುವುದು ಬಿಡಬೇಡಿ. ಕಲೆ ಆಗುವುದು ಆಮೇಲೆ."

ಗುಂಪು ಗೇಟು ದಾಟಿದ ಮೇಲೆ ಆ ಪಿಸುಮಾತಿನವನು ಓಡುತ್ತ ವಾಪಸು ಬಂದ. "ಸರ್, ರೋಮಿನಲ್ಲಿ ನಮ್ಮಂಥವರಿಗೆ ಆಮೇಲೆ ಎಂತಾದರೂ ಪೋಸ್ಟ್ ಸಿಗ್ತಿತ್ತಾ?" ಎಂದು ಕೇಳಿದ.

ಉಪದೇಶಿಸಿದಷ್ಟು ಅವರು ಆಚರಿಸುತ್ತಿದ್ದರು ಎಂದರೆ ನಾನೂ ನುಡಿನಮನಕ್ಕೆ ಇಳಿದಂತಾಗುತ್ತದೆ. ಹಿತಮಿತವಾಗಿ ತಿನ್ನುವುದೇ ಸದ್ಗುಣದ ಮೊದಲ ಮೆಟ್ಟಿಲು ಎನ್ನುತ್ತ ಕೋರಿ ರೊಟ್ಟಿಯ ಮೇಲೆ ಇನ್ನೊಂದು ಸೌಟು ಕೋಳಿ ಗಸಿ ಸುರಿದುಕೊಳ್ಳುತ್ತಿದ್ದರು. ಕೇಳಿದರೆ, "ಮಿತ ಅಂತ ಹೇಳಿದವರಿಗೆ ಕೋರಿ ರೊಟ್ಟಿ ಗೊತ್ತಿರಲಿಲ್ಲ. ನಮ್ಮ ಕರಾವಳಿಯಿಂದ ಕಾಳುಮೆಣಸು ಮಾತ್ರ ತಗೊಂಡು ಹೋದರು, ಪೆದ್ದ ಪೊಟ್ಟರು," ಎನ್ನುವರು. ಕೋಪವನ್ನು ಗೆದ್ದವನೇ ನಿಜವಾದ ವೀರ ಎಂದು ಕಲಿಸಿದ ಅದೇ ಮನುಷ್ಯ ಬಸ್ಸಿನಲ್ಲಿ ಚಿಲ್ಲರೆ ಕೊಡದ ಕಂಡಕ್ಟರನ ಜೊತೆ ಕಾವೂರಿನಿಂದ ಸ್ಟೇಟ್‌ಬ್ಯಾಂಕ್ ಬಸ್‌ಸ್ಟ್ಯಾಂಡ್ ತನಕ ಜಗಳಾಡುತ್ತ ಹೋಗುವರು. ಇಳಿಯುವಾಗ ಅವನ ಬೆನ್ನು ತಟ್ಟಿ, "ನಾಳೆ ಮುಂದುವರಿಸುವ," ಎನ್ನುವರು.

ಅಧಿಕಾರದ ವಿಷಯದಲ್ಲಿ ಮಾತ್ರ ಅವರು ಅಚ್ಚ ರೋಮಿನವರು. ನಮ್ಮ ಬೀದಿಯ ನಿವಾಸಿಗಳ ಸಂಘದ ಬೋರ್‌ವೆಲ್ ಪಂಪು ಕೆಟ್ಟು, ಯಾರು ಯಾರಿಗೆ ಹೇಳುವುದು ಎಂಬ ಜಗಳದಲ್ಲಿ ಎಲ್ಲರ ಮನೆಯ ಟ್ಯಾಂಕು ಬತ್ತಿದಾಗ, ಸದಸ್ಯರು ಒಟ್ಟಾಗಿ ಹೋಗಿ ಸರ್ ಕಾಲಿಗೆ ಬಿದ್ದರು. ಸರ್ ಹಿತ್ತಿಲಲ್ಲಿ ಬಸಳೆ ಚಪ್ಪರಕ್ಕೆ ಹಗ್ಗ ಕಟ್ಟುತ್ತಿದ್ದರು. "ರೋಮಿಗೆ ಕಷ್ಟ ಬಂದಾಗ ಹೊಲ ಉಳುತ್ತಿದ್ದ ಒಬ್ಬನನ್ನು ಕರೆದು ಪೂರ್ತಿ ಅಧಿಕಾರ ಕೊಟ್ಟರು. ಅವ ಯುದ್ಧ ಗೆದ್ದು ವಾಪಸು ನೇಗಿಲಿಗೆ ಹೋದ. ನನಗೆ ನೇಗಿಲು ಇಲ್ಲ, ಬಸಳೆ ಉಂಟು. ಪೂರ್ತಿ ಅಧಿಕಾರ ಕೊಡ್ತೀರಾ? ಮೀಟಿಂಗ್ ಇಲ್ಲ, ಚಹಾ ಇಲ್ಲ," ಎಂದು ಕೇಳಿ ಅಧ್ಯಕ್ಷರಾದರು. ಪಂಪು ಸರಿಯಾಗಿ ನಲ್ಲಿಯಲ್ಲಿ ನೀರು ಬಂದ ಸಂಜೆಯೇ ರಾಜೀನಾಮೆ ಕೊಟ್ಟು ಚಪ್ಪರದ ಕೆಳಗೆ ಹೋಗಿ ಕೂತರು. ಅಷ್ಟರಲ್ಲಿ ಸಂಘದವರು ಅವರಿಗೆ ಸನ್ಮಾನ ಮಾಡಲು ಶಾಲು ತಂದಿದ್ದರು. ಮಾಜಿ ಅಧ್ಯಕ್ಷರನ್ನು ಸನ್ಮಾನಿಸಲು ಈಗ ಹಾಲಿ ಅಧ್ಯಕ್ಷರೇ ಇರಲಿಲ್ಲ. ಶಾಲು ಇಂದಿಗೂ ಸಂಘದ ಕಪಾಟಿನಲ್ಲಿ ಇದೆ.

ಸನ್ಮಾನ ಎಂದಾಗ ಭಾವನ ಕತೆ ಹೇಳಲೇಬೇಕು. ಭಾವ ಪಂಪ್‌ವೆಲ್‌ನಲ್ಲಿ ಹೊಸ ಹೋಟೆಲ್ ತೆರೆದ ದಿನ ದೊಡ್ಡ ವೇದಿಕೆ. ಪೇಟ, ಶಾಲು, ಹಾರ, ಹಣ್ಣಿನ ಬುಟ್ಟಿಯ ನಡುವೆ ಅವರು ಕುರ್ಚಿಯಲ್ಲಿ ಕೂತಿದ್ದರು. ಚಪ್ಪಾಳೆ ಜೋರಾದಾಗ ಸರ್ ವೇದಿಕೆಯ ಹಿಂದಿನಿಂದ ಹತ್ತಿ, ಕುರ್ಚಿಯ ಬೆನ್ನಿಗೆ ಬಂದು, ಬಾಗಿ, ಭಾವನ ಕಿವಿಯಲ್ಲಿ ಏನೋ ಹೇಳಿ ಇಳಿದುಹೋದರು. ಭಾವನ ನಗು ಹೋಯಿತು. ಫೋಟೋಗಳಲ್ಲೆಲ್ಲ ಅವರು ಹಲ್ಲುನೋವು ಬಂದವರ ಹಾಗೆ ಕಾಣುತ್ತಾರೆ.

ಹೇಳಿದ್ದು ತುಳುವಿನಲ್ಲಿ: "ಬಾವ, ಈರ್‌ಲಾ ಸೈಪರ್." ಭಾವ, ನೀವೂ ಸಾಯ್ತೀರಿ.

ರೋಮಿನಲ್ಲಿ ಗೆದ್ದು ಬಂದ ಸೇನಾಪತಿಯ ಮೆರವಣಿಗೆ ನಡೆಯುವಾಗ ಅವನ ಬೆನ್ನಿಗೆ ಒಬ್ಬ ನಿಂತು, ನೀನು ಮನುಷ್ಯ ಮಾತ್ರ ಎಂದು ಕಿವಿಯಲ್ಲಿ ಹೇಳುತ್ತಿದ್ದನಂತೆ, ತಲೆ ತಿರುಗದೆ ಇರಲಿ ಎಂದು. ಸರ್ ಭಾವನಿಗೆ ಉಪಕಾರವನ್ನೇ ಮಾಡಿದ್ದರು. ಭಾವನಿಗೆ ಹಾಗನ್ನಿಸಲಿಲ್ಲ. ಬಹಳ ತಿಂಗಳು ಅವರು ಸರ್ ಮನೆಗೆ ಕಾಲಿಡಲಿಲ್ಲ, ತಂಗಿಗೆ ಮೀನು ಮಾತ್ರ ಕಳಿಸುತ್ತಿದ್ದರು. "ಮೀನು ಬಂದರೆ ಸಾಕು, ಭಾವ ನಿಧಾನಕ್ಕೆ ಬರ್ಲಿ," ಎನ್ನುತ್ತಿದ್ದರು ಸರ್. ಆದರೆ ಗೇಟು ಸದ್ದಾದಾಗಲೆಲ್ಲ ಮೊದಲು ಎದ್ದು ನೋಡುತ್ತಿದ್ದವರು ಅವರೇ.

ಈಗ ನನ್ನ "ಆಯ್ತು" ಎಂಬ ಮಾತಿಗೆ ಬರುತ್ತೇನೆ. ನಾವು ಮುಲ್ಕಿ ಕಡೆಯ ಒಂದು ಬೊಜ್ಜ ಮುಗಿಸಿ ನನ್ನ ಕಾರಿನಲ್ಲಿ ವಾಪಸು ಬರುತ್ತಿದ್ದೆವು. ಸತ್ತವರು ಸರ್‌ಗೆ ದೂರದ ನೆಂಟರು. ಬೆಕ್ಕಿಗೂ ಮೀನಿನ ಮುಳ್ಳು ಹಾಕದವರು. ಮೈಕಿನಲ್ಲಿ ಅವರನ್ನು ಕೊಡುಗೈ ದಾನಿ ಎಂದಿದ್ದರು. ಕೂಳೂರು ಸೇತುವೆಯಲ್ಲಿ ಟ್ರಾಫಿಕ್ ಜಾಮ್, ಮುಂದೆ ಲಾರಿ, ಹಿಂದೆ ಲಾರಿ, ಕೆಳಗೆ ನದಿ. ಸರ್ ಕನ್ನಡಕ ಒರೆಸತೊಡಗಿದರು. ಕಾರಿನಲ್ಲಿ ಫ್ಯಾನ್ ಇಲ್ಲದ್ದರಿಂದ ಮೇಲಿನ ಲೈಟನ್ನು ನೋಡಿದರು.

"ಅಂದರೆ... ಫೋಟೋದಲ್ಲಿದ್ದವನೇ ತಬ್ಬಿಬ್ಬಾಗಿದ್ದ, ನೋಡಿದಿಯಾ? 'ಇವರು ಯಾರ ಬಗ್ಗೆ ಹೇಳ್ತಿದ್ದಾರೆ' ಅಂತ. ರೋಮಿನಲ್ಲಿ ಹೀಗಲ್ಲ. ದೊಡ್ಡವ ಸತ್ತರೆ ಒಬ್ಬ ನಟನನ್ನು ಗೊತ್ತು ಮಾಡ್ತಿದ್ದರು. ಅವ ಸತ್ತವನ ಮುಖವಾಡ ಹಾಕಿ, ಸತ್ತವನ ಹಾಗೇ ನಡೆದು, ಹಾಗೇ ಮಾತಾಡಿ, ಅವನನ್ನೇ ತಮಾಷೆ ಮಾಡಿಕೊಂಡು ಮೆರವಣಿಗೆಯಲ್ಲಿ ಹೋಗ್ತಿದ್ದ. ಜನ ನಗ್ತಿದ್ದರು, ಅಳ್ತಿದ್ದರು. ಅದು ಮರ್ಯಾದೆ. ನನ್ನ ಬೊಜ್ಜದಲ್ಲಿ ನೀನು ನನ್ನನ್ನು ಹೊಗಳಬೇಡ. ನನ್ನನ್ನು ಮಾಡು."

"ಎಂತ ಸರ್ ನೀವು..."

"ಮಾಡ್ತೀಯಾ ಇಲ್ವಾ ಹೇಳು. ಇಲ್ಲದಿದ್ದರೆ ಇಲ್ಲೇ ಇಳಿದು ಆ ಲಾರಿಯವನ ಹತ್ತಿರ ಕೇಳ್ತೇನೆ."

ಅವರು ಬಾಗಿಲಿಗೆ ಕೈ ಹಾಕಿದ್ದರು. "ಆಯ್ತು," ಎಂದೆ. ಲಾರಿ ಚಲಿಸಿತು.

ಕೊನೆಯ ದಿನಗಳಲ್ಲಿ ಅವರು ಮಂಚ ಹಿಡಿದಿದ್ದರು. ಧ್ವನಿ ಬಿದ್ದಿತ್ತು. ನಾನು ನೋಡಲು ಹೋದಾಗ ಅಮ್ಮ ಗಂಜಿ ತಿನ್ನಿಸುತ್ತಿದ್ದರು. ಸರ್ ನನ್ನ ಕಡೆ ನೋಡಿ, "ರಿಹರ್ಸಲ್ ಆಯ್ತಾ?" ಎಂದರು.

"ಎಂತದ್ದು ರಿಹರ್ಸಲ್?" ಎಂದು ಅಮ್ಮ ಕೇಳಿದರು.

"ಒಂದು ಕಾರ್ಯಕ್ರಮ ಉಂಟು. ನೀನು ಎದುರಿನ ಸಾಲಿನಲ್ಲಿ ಕೂತ್ಕೊಳ್ಬೇಕು."

"ನೀವು ಮೊದಲು ಇದನ್ನು ನುಂಗಿ," ಎಂದು ಅಮ್ಮ ಚಮಚ ಬಾಯಿಗಿಟ್ಟರು. ನಾನು ಕಿಟಕಿಯಾಚೆ ಬಸಳೆಯನ್ನು ನೋಡುತ್ತ ನಿಂತೆ.

ಹೀಗಾಗಿ ಬೊಜ್ಜದ ದಿನ ಸಭಾಂಗಣದಲ್ಲಿ ಕೂತಾಗ ನನಗೆ ಭಾವನ ಭಯಕ್ಕಿಂತ ಅಮ್ಮನ ಭಯ ಹೆಚ್ಚಿತ್ತು. ಅವರು ನಿಜವಾಗಿಯೂ ಎದುರಿನ ಸಾಲಿನಲ್ಲಿದ್ದರು. ನಾನು ಮಾಡಲಿರುವುದು ಅವರಿಗೆ ಏನೆಂದು ಕಾಣುತ್ತದೆ? ಮೊನ್ನೆ ಮೊನ್ನೆ ತನಕ ಗಂಜಿ ಕುಡಿಸಿದ ಗಂಡನನ್ನು ಒಬ್ಬಳು ನಾಟಕ ಮಾಡಿ ತೋರಿಸುವುದನ್ನು ಯಾವ ರೋಮ್ ಸಮರ್ಥಿಸುತ್ತದೆ? ಸರ್‌ಗೆ ಕೊಟ್ಟ ಮಾತಿಗಾಗಿ ಅಮ್ಮನನ್ನು ನೋಯಿಸುವುದು ಸದ್ಗುಣವೋ ಹಟವೋ? ಇಂಥದ್ದನ್ನು ಕೇಳಲು ನನಗೆ ಇದ್ದವರು ಅವರೊಬ್ಬರೇ. ಅವರು ಹಾರ ಹಾಕಿಸಿಕೊಂಡು ಫೋಟೋದಲ್ಲಿದ್ದರು.

ನನಗಿಂತ ಮೊದಲು ಮಾತಾಡಿದವರು ಸರ್‌ನ ಸಹೋದ್ಯೋಗಿ. "ಅವರು ಮಿತಭಾಷಿ," ಎಂದರು. ಹಿಂದಿನ ಸಾಲಿನಲ್ಲಿ ಯಾರೋ ಕೆಮ್ಮಿದರು. "ಯಾರ ಮನಸ್ಸನ್ನೂ ನೋಯಿಸಿದವರಲ್ಲ." ಭಾವ ನೆಲ ನೋಡಿದರು. "ಅಲ್ಪಾಹಾರಿ," ಎಂದರು. ನಾನು ಫೋಟೋ ನೋಡಿದೆ. ಆಣೆ ಮಾಡಿ ಹೇಳುತ್ತೇನೆ, ಅವರು ತಬ್ಬಿಬ್ಬಾಗಿದ್ದರು.

ನನ್ನ ಹೆಸರು ಕರೆದರು. ಮೈಕಿನ ಮುಂದೆ ನಿಂತು "ಅಜಾತಶತ್ರು" ಎಂದು ಹೇಳಲು ಬಾಯಿ ತೆರೆದೆ. ಬರಲಿಲ್ಲ. ಕೈ ತಾನಾಗಿ ಕನ್ನಡಕ ತೆಗೆಯಿತು. ಸೀರೆಯ ಸೆರಗಿನಲ್ಲಿ ಒರೆಸಿದೆ. ಮೇಲೆ ತಿರುಗುತ್ತಿದ್ದ ಫ್ಯಾನನ್ನು ನೋಡಿದೆ.

"ಅಂದರೆ..."

ನಿಲ್ಲಿಸಿದೆ. ಈ ಸಲ ಓಡಲಿಲ್ಲ. ಹೊರಗೆ ಒಂದು ಬಸ್ಸು ದಾಟಿ ಹೋಯಿತು. ಭುಜ ಕೊಡವಿ, ಅವರ ಆ ಎಳೆದ ಧ್ವನಿಯಲ್ಲಿ ಹೇಳಿದೆ: "ಎಂತ ಎಲ್ಲ ಇಷ್ಟು ಗಂಭೀರ ಕೂತಿದ್ದೀರಿ? ಯಾರು ಸತ್ತದ್ದು? ರೋಮಿನವ ಒಬ್ಬ ಹೇಳಿದ್ದಾನೆ, ಬೊಜ್ಜದ ಊಟ ತಣ್ಣಗಾಗುವ ತನಕ ಮಾತಾಡುವವ ಸತ್ತವನಿಗಿಂತ ದೊಡ್ಡ ನಷ್ಟ ಅಂತ. ಯಾರು ಹೇಳಿದ್ದು ಅಂತ ಕೇಳಬೇಡಿ. ಸತ್ತವ."

ಯಾರೂ ನಗಲಿಲ್ಲ. ಭಾವ ಕುರ್ಚಿಯಿಂದ ಅರ್ಧ ಎದ್ದರು. ಅಮ್ಮ ನನ್ನನ್ನೇ ನೋಡುತ್ತಿದ್ದರು, ಹುಬ್ಬು ಗಂಟಿಕ್ಕಿ, ಅಳತೆ ತೆಗೆಯುವ ದರ್ಜಿಯ ಹಾಗೆ.

"ಓ," ಎಂದರು, ಇಡೀ ಸಭೆಗೆ ಕೇಳುವಂತೆ. "ಇದಾ ಆ ಕಾರ್ಯಕ್ರಮ?"

ನಾನು ತಲೆಯಾಡಿಸಿದೆ.

"ಆ ಭುಜ ಅಲ್ಲ. ಎಡದ್ದು."

"ಬಲದ್ದಲ್ವಾ ಅಮ್ಮ? ಟೋಗ..."

"ಎಂತ ಟೋಗ? ಅದು ವಾತ. ದಿನಾ ಎಣ್ಣೆ ತಿಕ್ಕಿದವಳು ನಾನಲ್ವಾ? ಎಡ ಭುಜ."

ಮೊದಲು ನಕ್ಕದ್ದು ಅವರೇ. ನಗುತ್ತ ನಗುತ್ತ ಸೆರಗು ಬಾಯಿಗೆ ಒತ್ತಿಕೊಂಡರು, ಕಣ್ಣಿನಿಂದ ನೀರು ಇಳಿಯುತ್ತಲೇ ಇತ್ತು. ಆಮೇಲೆ ಸಭೆ ಸುಮ್ಮನಿರಲಿಲ್ಲ. "'ಅಂದರೆ' ಹಾಗಲ್ಲ, ಸ್ವಲ್ಪ ಮೂಗಿನಲ್ಲಿ," ಎಂದು ಹಿಂದಿನಿಂದ ಒಬ್ಬ ಹಳೇ ವಿದ್ಯಾರ್ಥಿ ಎದ್ದು ಮಾಡಿ ತೋರಿಸಿದ. ಸಂಘದ ಕಾರ್ಯದರ್ಶಿ ಕೊಡೆ ತೂಗುಹಾಕಿಕೊಂಡು ನಡೆದರು. ಮಿತಭಾಷಿ ಎಂದ ಸಹೋದ್ಯೋಗಿಯೂ, "ಸ್ಟಾಫ್‌ರೂಮಿನಲ್ಲಿ ಬಾಯಿ ಮುಚ್ಚಿದ್ದೇ ಇಲ್ಲ ಮಾರಾಯ್ರೆ," ಎಂದು ಒಪ್ಪಿಕೊಂಡರು. ಪ್ರತಿಯೊಬ್ಬರಲ್ಲೂ ಒಬ್ಬೊಬ್ಬ ಸರ್ ಇದ್ದರು, ಯಾರೂ ಯಾರಿಗೂ ಹೊಂದುತ್ತಿರಲಿಲ್ಲ. ಇಷ್ಟು ವರ್ಷ ನಾನು ಅಣಕಿಸುತ್ತಿದ್ದದ್ದು ಅವರನ್ನೋ ನನ್ನ ಹಳೆಯ ಅಣಕನ್ನೋ, ಈಗ ಹೇಳಲಾರೆ. ಮನೆಗೆ ಬಂದು ಪುಸ್ತಕ ತೆಗೆದು ನೋಡಿದೆ, ರೋಮಿನವರು ಟೋಗ ಹೊದೆಯುತ್ತಿದ್ದದ್ದೂ ಎಡ ಭುಜದ ಮೇಲೆಯೇ. ಇದನ್ನು ಅಮ್ಮನಿಗೆ ಹೇಳುವ ಧೈರ್ಯ ಇನ್ನೂ ಬಂದಿಲ್ಲ.

ಗದ್ದಲದ ನಡುವೆ ಭಾವ ಪೂರ್ತಿ ಎದ್ದು ನಿಂತರು. ಅವರು ನನ್ನ ಕಡೆ ನೋಡದೆ ವೇದಿಕೆಗೆ ಹೋದರು, ಫೋಟೋ ಇಟ್ಟ ಕುರ್ಚಿಯ ಬೆನ್ನಿಗೆ ಬಂದು ನಿಂತರು. ದೊಡ್ಡ ಮೈಯನ್ನು ಕಷ್ಟಪಟ್ಟು ಬಾಗಿಸಿ, ಹಾರದ ಬದಿಯಲ್ಲಿ ಬಾಯಿ ಇಟ್ಟು ಏನೋ ಪಿಸುಗುಟ್ಟಿದರು. ಮೈಕಿಗೆ ಕೇಳಿಸಲಿಲ್ಲ. ಮತ್ತೆ ನೆಟ್ಟಗಾಗಿ, "ಊಟಕ್ಕೆ ಏಳುವ," ಎಂದರು.

ಊಟದಲ್ಲಿ ಅವರು ನನ್ನ ಬದಿಯಲ್ಲಿಯೇ ಬಂದು ಕೂತರು. ಬೈಗಳಿಗೆ ಕಾದೆ. ಅವರು ಎಲೆಗೆ ನೀರು ಚಿಮುಕಿಸಿ, ಅನ್ನ ಬಡಿಸಿಕೊಂಡು, ಉಣ್ಣದೆ ಕೂತರು. ತಡೆಯಲಾಗದೆ ಕೇಳಿದೆ: "ಅಣ್ಣ, ಸರ್ ಕಿವಿಯಲ್ಲಿ ಎಂತ ಹೇಳಿದ್ದು?"

"ಎಂತ ಇಲ್ಲ. ಅವತ್ತಿನ ಮಾತಿಗೆ ಉತ್ತರ ಕೊಡ್ಲಿಕ್ಕೆ ಇತ್ತು." ಅವರು ಅನ್ನದಲ್ಲಿ ಬೆರಳಾಡಿಸಿದರು. "'ಭಾವ, ಹೇಳಿದ್ದು ನನಗೆ, ಹೋದದ್ದು ನೀವು' ಅಂತ."

ಆ ಗಟ್ಟಿ ಧ್ವನಿ ಆಗ ಅಷ್ಟು ಗಟ್ಟಿ ಇರಲಿಲ್ಲ. ಸಾರಿನ ಬಕೆಟು ಬಂತು. ಬಡಿಸುವವರು ಭಾವನ ಎಲೆಯ ಮುಂದೆ ಸೌಟು ಹಿಡಿದು ಕಾದರು, ಅವರು ತಲೆ ಎತ್ತುವ ತನಕ.